ಮಳೆಗಾಲದ ಕೊಡಗಿನಲ್ಲಿ ಜೋಡಿ ಪಗ್

"ಪಗ್‌ಗೆ ಸೆಕೆ ಆಗಿಬರಲ್ಲ, ಕೊಡಗಿನ ಹವೆಗೆ ಹೇಳಿ ಮಾಡಿಸಿದ ನಾಯಿ" ಎಂದು ಮರಿ ಮಾರುವವರು ಹೇಳುತ್ತಾರೆ. ಮೊದಲ ಅರ್ಧ ಸರಿ. ಎರಡನೇ ಅರ್ಧವನ್ನು, ಜುಲೈ ತಿಂಗಳಲ್ಲಿ ಈ ನಾಯಿಯ ಮೂಗಿನ ಮೇಲಿನ ಮಡಿಕೆಯೊಳಗೆ ಒಮ್ಮೆ ಬೆರಳಾಡಿಸಿದವರು ಒಪ್ಪುವುದು ಕಷ್ಟ. ಬಯಲುಸೀಮೆಯಲ್ಲಿ ಪಗ್ ಸಾಕುವವರಿಗೆ ಬಿಸಿಲಿನ ಚಿಂತೆ. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಒದ್ದೆಯ ಚಿಂತೆ. ಅಂಗಿ ನಾಲ್ಕು ದಿನವಾದರೂ ಒಣಗದ ಊರಲ್ಲಿ, ಮುಖದ ತುಂಬ ಜೇಬುಗಳಿರುವ ನಾಯಿ ಒಂದಲ್ಲ, ಎರಡಿದ್ದರೆ, ದಿನದ ಅರ್ಧ ಕೆಲಸ ಒರೆಸುವುದು ಮತ್ತು ಒಣಗಿಸುವುದು.

ಮೂಗಿನ ಮೇಲೆ ಹಗ್ಗದಂತೆ ಅಡ್ಡ ಬಿದ್ದಿರುವ ಆ ದಪ್ಪ ಸುಕ್ಕಿನ ಕೆಳಗೆ ಗಾಳಿ ಆಡುವುದಿಲ್ಲ. ಕಣ್ಣೀರು ಅಲ್ಲಿಗೇ ಇಳಿಯುತ್ತದೆ, ಅನ್ನದ ಅಗುಳು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಚರ್ಮಕ್ಕೆ ಚರ್ಮ ಉಜ್ಜುತ್ತದೆ. ಎಲ್ಲ ನಾಯಿಗಳ ಚರ್ಮದ ಮೇಲೂ ಅಷ್ಟಿಷ್ಟು ಇರುವ ಮಲಸೀಜಿಯಾ ಎಂಬ ಯೀಸ್ಟ್‌ಗೆ ಇಂಥ ಜಾಗ ಸಿಕ್ಕರೆ ಹಬ್ಬ. ಹುಳಿ ಬಂದ ದೋಸೆ ಹಿಟ್ಟಿನಂಥ ವಾಸನೆ, ಬೆರಳಿಗೆ ಹತ್ತುವ ಕಂದು ಜಿಡ್ಡು, ಒಳಗೆ ಕೆಂಪಗಾದ ಚರ್ಮ ಇವು ಅದರ ಗುರುತು. ಸಾಮಾನ್ಯವಾಗಿ ವಾಸನೆಯೇ ಮೊದಲು ಬರುವುದರಿಂದ ದಿನಾ ಬೆಳಿಗ್ಗೆ ಎರಡೂ ಮುಖಗಳನ್ನು ಮೂಸಿ ನೋಡುವುದು ಒಳ್ಳೆಯ ತಪಾಸಣೆ. ನೋಡಿದವರು ನಗುತ್ತಾರೆ, ನಗಲಿ.

ಒರೆಸುವುದಕ್ಕೆ ದುಬಾರಿ ವೈಪ್ಸ್ ಬೇಕಿಲ್ಲ. ಅರ್ಧ ಲೀಟರ್ ನೀರು ಕುದಿಸಿ ಆರಿಸಿ, ಮುಕ್ಕಾಲು ಟೀ ಚಮಚ ಉಪ್ಪು ಕರಗಿಸಿದರೆ ಕಣ್ಣಿಗೆ ತಾಗಿದರೂ ಉರಿಯದ ದ್ರಾವಣ ಸಿದ್ಧ. ದಿನಕ್ಕೊಮ್ಮೆ ಹೊಸದಾಗಿ ಮಾಡಬೇಕು, ನಿನ್ನೆಯದು ಬೇಡ. ಹಳೆಯ ಹತ್ತಿ ಪಂಚೆಯನ್ನು ಕರವಸ್ತ್ರದಷ್ಟು ತುಂಡು ಮಾಡಿಟ್ಟುಕೊಳ್ಳಿ. ಎಡಗೈ ಹೆಬ್ಬೆರಳಿನಿಂದ ಮಡಿಕೆಯನ್ನು ಹಣೆಯ ಕಡೆಗೆ ಎತ್ತಿ, ಬಟ್ಟೆ ಸುತ್ತಿದ ತೋರುಬೆರಳನ್ನು ಮಧ್ಯದಿಂದ ಹೊರಕ್ಕೆ ಒಂದೇ ಸಲ ಎಳೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಚರ್ಮ ಸುಲಿಯುತ್ತದೆ. ಆಮೇಲೆ ಒಣ ತುಂಡಿನಿಂದ ಅದೇ ದಾರಿಯಲ್ಲಿ ಎರಡು ಸಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತಾರೆ, ಒಣಗಿಸುವುದಿಲ್ಲ. ಒದ್ದೆ ಉಳಿಸಿ ಬಿಡುವುದಾದರೆ ಒರೆಸದೇ ಇರುವುದೇ ವಾಸಿ.

ಮಳೆಗಾಲದಲ್ಲಿ "ಒಣ ಬಟ್ಟೆ" ಅನ್ನುವುದೇ ಸುಳ್ಳು, ಕಪಾಟಿನಲ್ಲಿಟ್ಟದ್ದೂ ತಣ್ಣಗೆ ತೇವವಾಗಿರುತ್ತದೆ. ಕರೆಂಟ್ ಇದ್ದಾಗ ಇಪ್ಪತ್ತು ಮೂವತ್ತು ತುಂಡುಗಳಿಗೆ ಒಟ್ಟಿಗೆ ಇಸ್ತ್ರಿ ಹಾಕಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಡಿ. ಮರ ಬಿದ್ದು ಎರಡು ದಿನ ಲೈನ್ ಹೋದರೂ ಕೆಲಸ ನಿಲ್ಲದು. ಒಂದು ನಾಯಿಗೆ ಬಳಸಿದ ತುಂಡನ್ನು ಇನ್ನೊಂದಕ್ಕೆ ಬಳಸಬೇಡಿ. ಸೋಂಕು ಹಿಡಿದಾಗ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಇರುವ ದ್ರಾವಣ ಕೊಡುತ್ತಾರೆ. ಅದು ಮಡಿಕೆಗೆ ಒಳ್ಳೆಯದು, ಕಣ್ಣಿನ ಕರಿಗುಡ್ಡೆಗೆ ಕೆಟ್ಟದು. ಹಾಗಾಗಿ ಬಟ್ಟೆಗೆ ಹಾಕಿ ಹಿಂಡಿ ಬಳಸಬೇಕೇ ಹೊರತು ಮುಖದ ಮೇಲೆ ತೊಟ್ಟಿಕ್ಕಿಸಬಾರದು. ಕೊಬ್ಬರಿ ಎಣ್ಣೆ ಸವರುವ ಮನೆಮದ್ದು ಬೇಡವೇ ಬೇಡ. ಆ ಯೀಸ್ಟ್‌ಗೆ ಜಿಡ್ಡೆಂದರೆ ಇಷ್ಟ, ಎಣ್ಣೆ ಒದ್ದೆಯನ್ನೂ ಒಳಗೇ ಕೂಡಿಹಾಕುತ್ತದೆ. ಪೌಡರ್ ಹಾಕಿದರೆ ಅರ್ಧ ಗಂಟೆಯಲ್ಲಿ ಮುದ್ದೆಯಾಗಿ ಮಡಿಕೆಯಲ್ಲಿ ಕೂರುತ್ತದೆ, ಉಳಿದದ್ದು ಮೂಗಿಗೆ ಹೋಗುತ್ತದೆ. ಮುಖ ಮುಗಿಯಿತೆಂದು ಎದ್ದುಬಿಡಬೇಡಿ. ಸುರುಳಿ ಬಾಲದ ಬುಡ ಮತ್ತು ಬೆರಳ ಸಂದು ಬಾಕಿ ಇವೆ.

ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಹೊಡೆತದ ಮಳೆಯಲ್ಲಿ ಅದನ್ನೂ ಮುಂದೂಡಬಹುದು. ಸ್ನಾನವಾದ ಮೇಲೆ ಹಂಡೆ ಒಲೆಯ ಬಾಯಿಗೆ ತಂದು ಕೂರಿಸುವ ರೂಢಿ ನಮ್ಮ ಕಡೆ ಇದೆ. ಬೆಚ್ಚಗಾಗುತ್ತದೆ, ನಿಜ. ಆದರೆ ಹಸಿ ಸೌದೆಯ ಹೊಗೆ ಇಡೀ ಮೂಗಿರುವ ನಾಯಿಗೇ ಕಷ್ಟ, ಮೂಗೇ ಇಲ್ಲದಂತಿರುವ ಪಗ್‌ಗೆ ಕೇಳಬೇಕೇ. ಹೊಗೆ ಇಳಿದು ಬರೀ ಕೆಂಡ ಉಳಿದಾಗ, ಕಿಟಕಿ ತೆರೆದಿಟ್ಟು, ನಾಲ್ಕು ಅಡಿ ದೂರದಲ್ಲಿ ಕೂರಿಸಿ. ಮಲಗುವ ಕೋಣೆಗೆ ಕೆಂಡದ ಬಾಂಡ್ಲಿ ಒಯ್ದು ಬಾಗಿಲು ಹಾಕುವುದು ನಾಯಿಗೂ ಮನುಷ್ಯರಿಗೂ ಪ್ರಾಣಾಪಾಯ.

ಉಸಿರಿಗೂ ಒದ್ದೆಗೂ ನಂಟಿದೆ, ಇದನ್ನು ಯಾರೂ ಹೇಳುವುದಿಲ್ಲ. ನಾಯಿ ಬೆವರಿ ತಣಿಯುವುದಿಲ್ಲ, ತೇಕಿ ನಾಲಗೆ ಬಾಯಿಗಳ ತೇವವನ್ನು ಆವಿ ಮಾಡಿ ತಣಿಯುತ್ತದೆ. ಗಾಳಿಯೇ ನೀರು ತುಂಬಿಕೊಂಡಿದ್ದರೆ ಆವಿ ಹೋಗುವುದೆಲ್ಲಿಗೆ? ಅದರ ಮೇಲೆ ಪಗ್‌ನ ಮೂಗಿನ ಹೊಳ್ಳೆ ಸಣ್ಣ, ಮೃದು ಅಂಗುಳ ಉದ್ದ. ಹಾಗಾಗಿ ಕಾಫಿ ಹೂ ಅರಳಿಸುವ ಬೇಸಿಗೆಯ ಹೂ ಮಳೆ ಬಿದ್ದ ಮರುದಿನ, ಸೆಕೆಯೇ ಇಲ್ಲ ಅನ್ನಿಸುವ ಹೊತ್ತಿನಲ್ಲೂ ಓಡಿದ ಪಗ್ ಬಿಸಿಯೇರಬಹುದು. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋದಾಗಿನಿಂದ ಇದನ್ನು "ಹಚ್ ನಾಯಿ" ಎಂದು ಕರೆದು, ಹೋದಲ್ಲೆಲ್ಲ ಓಡಿಬರುವ ನಾಯಿ ಎಂದು ನಂಬಿದವರು ಬಹಳ. ಒಂಟಿ ಪಗ್ ಆದರೆ ಸುಸ್ತಾದಾಗ ತಾನೇ ಕೂರುತ್ತದೆ. ಜೋಡಿಯಲ್ಲಿ ಹಾಗಲ್ಲ, ಒಂದು ಕೂತರೆ ಇನ್ನೊಂದು ಬಂದು ಕಿವಿ ಕಚ್ಚಿ ಎಬ್ಬಿಸುತ್ತದೆ. ಹತ್ತು ನಿಮಿಷದ ಅಟ್ಟಾಟ ಆದ ಮೇಲೆ ನೀವೇ ಬೇರೆ ಮಾಡಿ, ಎರಡು ಕೋಣೆಯಲ್ಲಿ ಕಾಲು ಗಂಟೆ ಬಿಡಿ.

ನಾಲಗೆ ಚಮಚದಂತೆ ಅಗಲವಾಗಿ ಕಡುಗೆಂಪಾದರೆ, ಉಸಿರು ಗರಗಸದ ಸದ್ದು ಮಾಡಿದರೆ, ಬಾಯಲ್ಲಿ ನೊರೆ ಬಂದರೆ ಥರ್ಮಾಮೀಟರ್ ಹಾಕಿ. ಗುದದ್ವಾರದ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 104 ದಾಟಿದರೆ ಹೊಟ್ಟೆ, ತೊಡೆಸಂದು, ಪಾದಗಳಿಗೆ ನಲ್ಲಿ ನೀರು ಹಾಕಿ ಫ್ಯಾನ್ ಹಿಡಿಯಿರಿ. 103.5ಕ್ಕೆ ಇಳಿದಾಗ ನೀರು ನಿಲ್ಲಿಸಿ ವೈದ್ಯರ ಹತ್ತಿರ ಹೊರಡಿ. ಒದ್ದೆ ಟವೆಲ್ ಹೊದೆಸಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಇನ್ನು, ಇದ್ದಕ್ಕಿದ್ದಂತೆ ಕುತ್ತಿಗೆ ಚಾಚಿ ಗೊರ್ ಗೊರ್ ಎಂದು ಗಾಳಿ ಒಳಗೆಳೆಯುವುದನ್ನು ಕಂಡು ಹೆದರುವವರಿದ್ದಾರೆ. ಅದು ತಿರುಗು ಸೀನು. ಗಂಟಲು ಸವರಿದರೆ ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ.

ಕುತ್ತಿಗೆಗೆ ಪಟ್ಟಿ ಹಾಕಿ ಎಳೆಯಬೇಡಿ. ಉಸಿರೂ ಕಟ್ಟುತ್ತದೆ, ಕಣ್ಣಿನ ಮೇಲೆ ಒತ್ತಡವೂ ಏರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಬೇಕು, ಮಳೆಗಾಲದಲ್ಲಿ ಅದನ್ನು ಮನೆಗೆ ಬಂದೊಡನೆ ಬಿಚ್ಚಬೇಕು, ಇಲ್ಲದಿದ್ದರೆ ಕಂಕುಳಲ್ಲಿ ಹುಣ್ಣಾಗುತ್ತದೆ. ರೈನ್‌ಕೋಟ್‌ದೂ ಅದೇ ಕಥೆ. ನಡೆಸುವುದು ಟಾರು ರಸ್ತೆಯಲ್ಲಿ. ತೋಟದೊಳಗೆ ಕಾಫಿ ಗಿಡದ ಸವರಿದ ಮೊಂಡು ಕೊಂಬೆಗಳು ಸರಿಯಾಗಿ ಪಗ್‌ನ ಕಣ್ಣಿನ ಎತ್ತರಕ್ಕಿರುತ್ತವೆ, ಮುಂದೆ ಚಾಚಿದ ಮೂತಿ ಇಲ್ಲದ್ದರಿಂದ ಕೊಂಬೆಗೆ ಮೊದಲು ತಗಲುವುದು ಕಣ್ಣೇ.

ಕಣ್ಣಿನ ವಿಷಯದಲ್ಲಿ "ನಾಳೆ ನೋಡೋಣ" ಬೇಡ. ಒಂದು ಕಣ್ಣು ಅರೆಮುಚ್ಚಿದರೆ, ನೀರು ಸುರಿದರೆ, ಕರಿಗುಡ್ಡೆ ಮೇಲೆ ನೀಲಿ ಮಂಜು ಕಂಡರೆ ಅದು ಹುಣ್ಣಿರಬಹುದು. ಮನೆಯಲ್ಲಿ ಹಿಂದಿನ ಸಲದ್ದು ಉಳಿದಿರುವ ಸ್ಟೀರಾಯ್ಡ್ ಹನಿ ಹಾಕಿದರೆ ಹುಣ್ಣು ಆಳವಾಗಿ ಕಣ್ಣೇ ತೂತಾಗಬಹುದು. ಎರಡು ಪಗ್‌ಗಳ ಜಗಳದಲ್ಲಿ ಗುಡ್ಡೆ ರೆಪ್ಪೆಯಿಂದ ಹೊರಗೆ ಜಾರುವುದೂ ಉಂಟು. ಒಳಗೆ ತಳ್ಳಲು ಹೋಗಬೇಡಿ. ಮೇಲೆ ಹೇಳಿದ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಮುಚ್ಚಿ, ಕೆರೆಯದಂತೆ ಕಾಲು ಹಿಡಿದುಕೊಂಡು ಆಸ್ಪತ್ರೆಗೆ ಓಡಿ. ಗಂಟೆಗಳ ಲೆಕ್ಕ ಅದು.

ಜಿಗಣೆ ಪಾದಕ್ಕೆ ಹತ್ತಿದರೆ ಉಗುರಿನಿಂದ ಅದರ ಸಣ್ಣ ತುದಿಯ ಹಿಡಿತ ಬಿಡಿಸಿದರಾಯಿತು. ಮೂಗಿನೊಳಗೆ ಹೋದರೆ ಬೇರೆ ಮಾತು. ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು, ಮುಂಗಾಲಲ್ಲಿ ಮೂಗು ಉಜ್ಜುವುದು ಇದ್ದರೆ ಅನುಮಾನ ಪಡಿ. ಒಂದೆರಡು ಗಂಟೆ ನೀರು ಕೊಡದೆ, ಆಮೇಲೆ ತಣ್ಣೀರಿನ ಬಟ್ಟಲನ್ನು ಮೂಗಿಗೆ ತಾಗುವಂತೆ ಹಿಡಿದರೆ ಜಿಗಣೆ ಎಷ್ಟೋ ಸಲ ತಾನೇ ತಲೆ ಹಾಕುತ್ತದೆ. ಬಟ್ಟೆಯಲ್ಲಿ ಹಿಡಿದು ನಿಧಾನ ಎಳೆಯಬಹುದು. ಮೂಗಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಹಾಕಬೇಡಿ. ಬರದಿದ್ದರೆ ವೈದ್ಯರಿಗೆ ಬಿಡಿ.

ಮಳೆ ನಿಂತ ಮೇಲೆ ಉಣುಗಿನ ಸರದಿ. ಅವು ತರುವ ಬಬೇಸಿಯಾ, ಎರ್ಲಿಕಿಯಾ ಎರಡೂ ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳು. ವಸಡು ಬಿಳಿಚಿದರೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ತಿನ್ನಿಸುವ ಉಣುಗಿನ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ: ಅಫಾಕ್ಸೊಲನರ್ ತಿಂಗಳಿಗೊಮ್ಮೆ, ಫ್ಲುರಲನರ್ ಸುಮಾರು 12 ವಾರಕ್ಕೊಮ್ಮೆ. ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಎರಡಕ್ಕೂ ಒಂದೇ ದಿನ ಕೊಡಿ, ಇಲ್ಲದಿದ್ದರೆ ಒಂದರ ಮೈಯ ಉಣುಗು ಇನ್ನೊಂದಕ್ಕೆ ಹತ್ತುತ್ತದೆ. ಇಲಿ ಮೂತ್ರದಿಂದ ಬರುವ ಲೆಪ್ಟೊ ಕಾಯಿಲೆಯ ಲಸಿಕೆ ಮೇ ತಿಂಗಳೊಳಗೆ ಆಗಿರಲಿ. ರೇಬೀಸ್ ಲಸಿಕೆ ತಪ್ಪಿಸಬಾರದು ಎಂದು ಬೇರೆ ಹೇಳಬೇಕಿಲ್ಲ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಪಾಯ ಇರುವುದು ಕಣದಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಸಿಹಿ, ಪಗ್ ತಿಂಡಿಪೋತ. ಕೆಫೀನ್ ನಾಯಿಗೆ ದೇಹದ ಪ್ರತಿ ಕೆಜಿಗೆ ಸುಮಾರು 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ ಶುರು, 60ರ ಹತ್ತಿರ ಫಿಟ್ಸ್. ಒಂದು ರೋಬಸ್ಟಾ ಬೀಜ ಸುಮಾರು 150 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಶೇ 2ರಷ್ಟು ಕೆಫೀನ್, ಅಂದರೆ 3 ಮಿಲಿಗ್ರಾಂ. ಹಣ್ಣಿಗೆ ಎರಡು ಬೀಜ. 8 ಕೆಜಿಯ ಪಗ್‌ಗೆ ಇಪ್ಪತ್ತೈದು ಮೂವತ್ತು ಹಣ್ಣು, ಒಂದು ಹಿಡಿ, ಅಷ್ಟು ಸಾಕು. ಅರೇಬಿಕಾದಲ್ಲಿ ಕೆಫೀನ್ ಸುಮಾರು ಅರ್ಧ, ಆದರೂ ಸಲುಗೆ ಬೇಡ. ತಿಂದದ್ದು ಗೊತ್ತಾದ ಕೂಡಲೇ ವೈದ್ಯರ ಹತ್ತಿರ ಹೊರಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಈ ಮೂತಿಯ ನಾಯಿಗೆ ಅದು ಶ್ವಾಸಕೋಶಕ್ಕೆ ಹೋಗುವ ಭಯ. ಕಾಫಿ ಹೊಟ್ಟನ್ನು ನಾಯಿ ಗೂಡಿಗೆ ಹಾಸುವುದೂ ಬೇಡ, ಅದರಲ್ಲೂ ಕೆಫೀನ್ ಇದೆ. ತೋಟದಲ್ಲಿ ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆ, ತೌಡು ಬೆಲ್ಲದ ವಿಷದುಂಡೆ ಇವೆಲ್ಲ ನಾಯಿಗೂ ರುಚಿಯೇ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ದಿನ, ಸುಣ್ಣ ಎರಚಿದ ದಿನ ಇಬ್ಬರೂ ಮನೆಯೊಳಗೇ. ಸಂಜೆ ಆರರ ಮೇಲೆ ಹೇಗೂ ಒಳಗಿರಬೇಕು, ಚಿರತೆಗೆ ಪಗ್ ಒಂದು ತುತ್ತು.

ಊಟದ ಲೆಕ್ಕ ಸಣ್ಣದು, ಪಾಲಿಸುವುದು ಕಷ್ಟ. ತಳಿಯ ಮಾನದಂಡದ ಪ್ರಕಾರ ಪಗ್ 6.3ರಿಂದ 8.1 ಕೆಜಿ. ಸಂತಾನಹರಣ ಆದ 8 ಕೆಜಿಯ ನಾಯಿಗೆ ದಿನಕ್ಕೆ 470 ಕ್ಯಾಲರಿ ಸಾಕು, ಸಾಧಾರಣ ಒಣ ಆಹಾರದಲ್ಲಿ 130 ಗ್ರಾಂ, ಎರಡು ಹೊತ್ತಿಗೆ ಹಂಚಿ. ಇಬ್ಬರನ್ನೂ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಉಣಿಸಿ. ಒಟ್ಟಿಗೆ ಬಿಟ್ಟರೆ ಒಂದು ದಪ್ಪಗಾಗುತ್ತದೆ, ಇನ್ನೊಂದು ಗಬಗಬ ನುಂಗಿ ಕಕ್ಕುತ್ತದೆ. ಇಬ್ಬರಿಗೂ ಸೇರಿ ದಿನಕ್ಕೆ 260 ಗ್ರಾಂ ಅಂದರೆ 3 ಕೆಜಿ ಚೀಲ ಹನ್ನೊಂದು ದಿನಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡ ಚೀಲ ತಂದರೆ ಬೂಸ್ಟು ಹಿಡಿಯುತ್ತದೆ, ಆ ಬೂಸ್ಟಿನ ವಿಷ ನೇರ ಯಕೃತ್ತಿಗೆ. ತೂಕ ನೋಡಲು ಕಾಫಿ ತೂಗುವ ತಕ್ಕಡಿ ಬಳಸಬೇಡಿ. ಅರ್ಧ ಕೆಜಿ ಆಚೀಚೆ ಮೂಟೆಗೆ ಲೆಕ್ಕಕ್ಕಿಲ್ಲ, ಪಗ್‌ಗೆ ಅದು ದೇಹದ ಶೇ 6. ಡಿಜಿಟಲ್ ತಕ್ಕಡಿಯ ಮೇಲೆ ನಾಯಿ ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೆಯಿರಿ.

ಕೊಡಗಿನ ಹಬ್ಬಗಳಾದ ಕೈಲ್‌ಪೊಳ್ದು, ಪುತ್ತರಿಯ ದಿನ ನೆಂಟರ ಕೈಯಿಂದ ಪಂದಿ ಕರಿಯ (ಹಂದಿ ಮಾಂಸದ) ತುಂಡು ಜಾರುತ್ತಲೇ ಇರುತ್ತದೆ. ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ, ಈರುಳ್ಳಿ ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪುತ್ತರಿಯಲ್ಲಿ ಭತ್ತದ ಕದಿರು ತೆಗೆಯುವಾಗ ಕೋವಿ ಸದ್ದು ಮಾಡುವ ಮೊದಲೇ ಇಬ್ಬರನ್ನೂ ಒಳಕೋಣೆಗೆ ಹಾಕಿ ರೇಡಿಯೊ ಹಚ್ಚಿಬಿಡಿ, ಎರಡೂ ಸಮಸ್ಯೆ ಒಟ್ಟಿಗೆ ಬಗೆಹರಿಯುತ್ತವೆ.

ಮೂಗಿನ ಹೊಳ್ಳೆ ಅಗಲಿಸುವಂಥ ಶಸ್ತ್ರಚಿಕಿತ್ಸೆಗೆ ಮೈಸೂರೋ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೋ ಎಂದು ಹೊರಡಬೇಕಾಗಬಹುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಕುಶಾಲನಗರದವರೆಗೂ ತಿರುವು. ಹೊರಡುವ ನಾಲ್ಕು ಗಂಟೆ ಮುಂಚೆಯೇ ಊಟ ನಿಲ್ಲಿಸಿ, ಎಸಿ ಹಾಕಿ, ಇಬ್ಬರಿಗೂ ಬೇರೆ ಬೇರೆ ಪಂಜರ ಇಡಿ. ಅರಿವಳಿಕೆ ಕೊಡುವುದಿದ್ದರೆ ಗಂಟಲಿನ ಕೊಳವೆಯನ್ನು ನಾಯಿ ಪೂರ್ತಿ ಎಚ್ಚರಾದ ಮೇಲೆಯೇ ತೆಗೆಯುತ್ತಾರಾ ಎಂದು ಕೇಳಿಕೊಳ್ಳಿ. ಕಣ್ಣಿನ ತೊಂದರೆಗೆ ಹೊರಟಿದ್ದರೆ, ಗಾಡಿ ಹತ್ತುವ ಮೊದಲೇ ಫೋನ್ ಮಾಡಿ ಅಲ್ಲಿ ಕಣ್ಣಿಗೆ ಬಣ್ಣ ತಾಗಿಸಿ ನೋಡುವ ಫ್ಲೋರೆಸೀನ್ ಪಟ್ಟಿ ಇದೆಯಾ ವಿಚಾರಿಸಿ, ಹುಣ್ಣು ಹಸಿರಾಗಿ ಕಾಣುವುದು ಅದರಲ್ಲಿ ಮಾತ್ರ.