ಡಬ್ಬಿ ಯಾಕ ಉಳದಾವ್ರಿ?

ನಾ ದವಾಖಾನಿ ಡಯಟಿಷಿಯನ್. ಆರ್‌ಟಿ (ಮೂಗಿನಿಂದ ಹೊಟ್ಟಿಗೆ ಇಳಿಸಿದ ನಳಿಗಿ) ಪೇಷಂಟ್ ಹಸಿವು ಅನ್ನಾಕತ್ತಾರ ಅಂತ ಸಿಸ್ಟರ್ ಫೋನ್ ಮಾಡಿದಾಗ ನಾ ಹೋಗಿ ಮೊದ್ಲು ನೋಡಿದ್ದು ನನ್ನ ಚಾರ್ಟು. 200 ಎಂಎಲ್ ಫೀಡ್ (ನಳಿಗಿಯಿಂದ ಕೊಡೂ, ಪೌಡರ್ ಕಲಸಿದ ಊಟ), ಎರಡ್ ತಾಸಿಗೊಮ್ಮೆ, ಮುಂಜಾನೆ 6ರಿಂದ ರಾತ್ರಿ 10ರ ತನಕ, ಒಟ್ಟು 1800 ಕ್ಯಾಲರಿ. 70 ಕೆಜಿ ಮನಷ್ಯಾ, ಕೆಜಿಗೆ 25ರ ಲೆಕ್ಕ ಹಿಡದ್ರ ಮ್ಯಾಲ ಇನ್ನೂ 50 ಉಳೀತೈತಿ. ಇಷ್ಟು ಹೊಂಟಿದ್ರ ಹಸಿವು ಎಲ್ಲಿಂದ ಬರಬೇಕ್ರಿ, ಆಂಕ್ಸೈಟಿ ಇರಬೇಕು ಅಂದೆ.

ಬ್ಯಾಡಗಿ ಕಡೆಯವ್ರು, ಮೆಣಸಿನಕಾಯಿ ಚೀಲ ಹೊರೂ ಹಮಾಲಿ. ಜಿಬಿಎಸ್ (ಗಿಲನ್-ಬಾರೆ), ನರಕ್ಕ ಏಟು ಬಿದ್ದು ಕೈ ಕಾಲು, ಉಸಿರಿನ ಸ್ನಾಯು ಸೋಲೂ ಬ್ಯಾನಿ. ಅದಕ್ಕ ಕೊಡೂ ಐವಿಐಜಿ ಔಷಧ ಮುಗದಿತ್ತು, ಟ್ರೆಕಿಯಾಸ್ಟಮಿ (ಉಸಿರಿಗೆ ಗಂಟಲಾಗ ತೂತು ಮಾಡಿ ನಳಿಗಿ ಹಾಕೂದು) ಆಗಿತ್ತು, ವೆಂಟಿಲೇಟರ್ ಮಾತ್ರ ಬಿಡಸಾಕ ಆಗವಲ್ದಾಗಿತ್ತು. ಕೈ ಕಾಲು ಅಲ್ಲಾಡಂಗಿಲ್ಲ, ಆದ್ರ ಎಚ್ಚರ ಪೂರ್ತಿ. ಕಣ್ಣು ಒಮ್ಮೆ ಮುಚ್ಚಿದ್ರ ಹೌದು, ಎರಡ್ ಸಲ ಮುಚ್ಚಿದ್ರ ಅಲ್ಲ. ನೋವೈತೇನ್ರಿ? ಎರಡ್ ಸಲ. ಕಫ ತಗ್ಯಾಕ ಸಕ್ಷನ್ ಬೇಕೇನ್ರಿ? ಎರಡ್ ಸಲ. ಹಸಿವೇನ್ರಿ? ಒಮ್ಮೆ, ಗಟ್ಟಿಯಾಗಿ. ನಾ ಅವರ ಮುಂದ ಚಾರ್ಟ್ ಹಿಡದು, "ಕಾಕಾ, ಹೊಟ್ಟಿಗೆ ಎಲ್ಲಾ ಬರೋಬ್ಬರಿ ಹೊಂಟೈತಿ" ಅಂತ ತಿಳಿಸಿ ಹೇಳಿದೆ. ಅವ್ರು ಕಣ್ಣು ಮುಚ್ಚಲೇ ಇಲ್ಲ, ನನ್ನ ಮಾರೀನ ನೋಡಿಕೋತ ಉಳದ್ರು.

ಮುಂದ ವಿಸಿಟಿಂಗ್ ಟೈಮಿಗೆ ಅವರ ಹೆಂಡತಿ ಸಿಕ್ಕಿದ್ರು. "ಅಕ್ಕಾರ, ದಿನಾ ಒಂದು ಪೌಡರ್ ಡಬ್ಬಿ ಅಂತ ನೀವ ಚೀಟಿ ಬರದೀರಿ, ವಾರದ್ದು ಏಳೂ ತಂದ ಕೊಟ್ಟೇನಿ. ಒಳಗ ಲಾಕರ್‌ನ್ಯಾಗ ಮೂರು ಹಂಗ ಕುಂತಾವ. ಡಬ್ಬಿ ಯಾಕ ಉಳದಾವ್ರಿ? ಮೆಡಿಕಲ್‌ನವ್ರಿಗೆ ಹೊಳ್ಳಿ ಕೊಟ್ರ ರೊಕ್ಕ ಕೊಡ್ತಾರೇನ್ರಿ?"

ಪಾಪ, ಅವ್ರಿಗೆ ರೊಕ್ಕದ ಚಿಂತಿ. ನನಗ ಲೆಕ್ಕ ಹತ್ತಿ ಕಾಲು ತಣ್ಣಗಾದುವು. ಆ ಪೌಡರ್ 400 ಗ್ರಾಂ ಡಬ್ಬ್ಯಾಗ ಹೆಚ್ಚು ಕಮ್ಮಿ 1800 ಕ್ಯಾಲರಿ. ಏಳರಾಗ ಮೂರು ಉಳದಾವಂದ್ರ ಮನಷ್ಯಾಗ ದಿನಕ್ಕ ಸಿಕ್ಕದ್ದು ಸಾವಿರದ ಆಸುಪಾಸು.

ನೈಟ್‌ನವ್ರು ಫೀಡ್ ತಪ್ಪಿಸ್ಯಾರ ಅಂತ ಸಿಟ್ಟು ಮಾಡ್ಕೊಂಡನ ಇನ್‌ಟೇಕ್ ಶೀಟ್ ತಗದೆ. ಟ್ರೆಕಿಯಾಸ್ಟಮಿಗೆ ಅಂತ ರಾತ್ರಿ 12ರಿಂದ ಎನ್‌ಪಿಓ (ಹೊಟ್ಟಿಗೆ ಏನೂ ಕೊಡಬಾರ್ದು), ಓಟಿ (ಆಪರೇಷನ್ ಥೇಟರ್) ಸಿಕ್ಕದ್ದು ಮರುದಿನ ಸಂಜಿ 4ಕ್ಕ. ಫಿಸಿಯೋ ಬಂದ್ರ ಒಂದ್ ಫೀಡ್ ಹೋತು, ಸಿಟಿ ಸ್ಕ್ಯಾನಿಗೆ ಶಿಫ್ಟ್ ಮಾಡಿದ್ರ ಎರಡು ಹೋದುವು. ಉಳದದ್ದೆಲ್ಲಾ "ಆಸ್ಪಿರೇಟ್ 160, ಫೀಡ್ ಹೆಲ್ಡ್", "ಆಸ್ಪಿರೇಟ್ 180, ಫೀಡ್ ಹೆಲ್ಡ್". ಅಂದ್ರ ಫೀಡಿಗೆ ಮೊದ್ಲು ನಳಿಗಿಯಿಂದ ಎಳದು ನೋಡಿದಾಗ ಹೊಟ್ಟ್ಯಾಗ ಅಷ್ಟು ಎಂಎಲ್ ಉಳದಿತ್ತು, ಅದಕ್ಕ ಫೀಡ್ ನಿಲ್ಲಿಸ್ಯಾರ. ಹೋದ ಫೀಡ್ ಯಾರೂ ತುಂಬಿ ಕೊಡೂದಿಲ್ಲ, ಯಾಕಂದ್ರ ಹಂಗ ಎಲ್ಲೂ ಬರದಿಲ್ಲ. ಬರದಿದ್ದು ಬೆಡ್ ಮ್ಯಾಲಿನ ಲ್ಯಾಮಿನೇಟೆಡ್ ಹಾಳ್ಯಾಗ, ಆಸ್ಪಿರೇಟ್ 150 ದಾಟಿದ್ರ ಫೀಡ್ ನಿಲ್ಲಸ್ರಿ ಅಂತ. ಕೆಳಗ ನಮ್ಮ ಡಯಟ್ ಡಿಪಾರ್ಟ್‌ಮೆಂಟಿನ ಸೀಲು. ಸಿಸ್ಟರ್‌ಗೋಳು ನಮ್ಮ ಮಾತನ್ನ ಪಾಲಿಸ್ಯಾರ, ಯಾರ ಮ್ಯಾಲ ಸಿಟ್ಟು ತಗೀಲಿ.

ಬ್ಯಾರೆ ಯಾವ ತ್ರಾಸೂ ಇಲ್ಲದಿದ್ರ ಆಸ್ಪಿರೇಟ್ 500 ಎಂಎಲ್ ಒಳಗ ಇದ್ದಾಗ ಫೀಡ್ ನಿಲ್ಲಸಬ್ಯಾಡ್ರಿ ಅಂತ ಅಮೆರಿಕದ ಗೈಡ್‌ಲೈನ್ 2016ಕ್ಕ ಹೇಳೇತಿ. ಅಂಜಿಕಿ ಏನಂದ್ರ ಫೀಡ್ ಉಕ್ಕಿ ಪುಪ್ಪುಸಕ್ಕ ಇಳದು ನ್ಯುಮೋನಿಯಾ ಆದೀತು ಅಂತ, ಆದ್ರ 2013ರ ಫ್ರಾನ್ಸಿನ ಟ್ರಯಲ್‌ನ್ಯಾಗ ವೆಂಟಿಲೇಟರ್ ಪೇಷಂಟ್‌ಗೋಳಿಗೆ ಆಸ್ಪಿರೇಟ್ ಅಳೀದನ ಫೀಡ್ ಕೊಟ್ರೂ ನ್ಯುಮೋನಿಯಾ ಹೆಚ್ಚಾಗಿಲ್ಲ. ಹೊಟ್ಟಿ ಆಪರೇಷನ್ ಆದವ್ರಿಗೆ ಅದನ್ನ ಹಚ್ಚಬಾರ್ದು, ಅದು ಬ್ಯಾರೆ ಮಾತು. ನಮ್ಮ ಡಾಕ್ಟರ್ ಸರ್‌ಗೆ ಇದನ್ನೆಲ್ಲಾ ಹೇಳಿದೆ. ಜಿಬಿಎಸ್‌ನ್ಯಾಗ ಆಟೋನಾಮಿಕ್ (ಒಳಗಿನ ಅಂಗ ತಾನಾಗೇ ನಡಸೂ ನರ) ಕೆಟ್ಟು ಕರುಳು ಮಂದ ಆಗೂದು ಇರತೈತಿ, ಹೊಟ್ಟಿ ಮುಟ್ಟಿ ನೋಡಿನ ಕೊಡ್ರಿ, ಇಷ್ಟು ದಿನ ಕಮ್ಮಿ ಬಿದ್ದೈತಿ ಅಂದಮ್ಯಾಲ ರಕ್ತದಾಗಿನ ಫಾಸ್ಫೇಟ್ ಪೊಟ್ಯಾಸಿಯಂ ಟೆಸ್ಟಿಗೆ ಕಳಸ್ರಿ, ಫೀಡ್ ಒಮ್ಮೆಲೇ ಏರಸಬ್ಯಾಡ್ರಿ, ಅವು ಇಳದಾವು ಅಂದ್ರು. ಆಮ್ಯಾಲ, "ಮೊದಲ ಫೀಡಿಗೆ ನೀವೂ ಬೆಡ್‌ಸೈಡ್ ನಿಂದರ್ರಿ."

ನಿಂತೆ. ಆಸ್ಪಿರೇಟ್ 220 ಬಂತು. ಇನ್‌ಚಾರ್ಜ್ ಸಿಸ್ಟರ್ ನನ್ನ ಕಡೆ ನೋಡಿದ್ರು. ಹೊಟ್ಟಿ ಮೆತ್ತಗೈತಿ, ಉಬ್ಬಿಲ್ಲ, ಮುಂಜಾನೆ ಸಂಡಾಸ ಆಗೈತಿ, ಬೆಡ್ಡಿನ ತಲಿ ಕಡೆ 40 ಡಿಗ್ರಿ ಎತ್ತೇತಿ. ಕೊಡ್ರಿ ಅಂದೆ. ಆಸ್ಪಿರೇಟ್ ಹೊಳ್ಳಿ ಹಾಕಿ ಫೀಡ್ ಬಿಟ್ರು. ಅರ್ಧ ಹೋಗಿರಬೇಕು, ವೆಂಟಿಲೇಟರ್ ಹೈ ಪ್ರೆಷರ್ ಅಂತ ಕೂಗಾಕ ಹತ್ತಿತು. ಕಾಕಾನ ಮಾರಿ ಕೆಂಪಗ, ಕಣ್ಣಾಗ ನೀರು. ಆಕ್ಸಿಜನ್ ಸ್ಯಾಚುರೇಶನ್ 96 ಇದ್ದದ್ದು 92, 89. ಸಿಸ್ಟರ್ ಒಂದ ಕೈಲೆ ಆರ್‌ಟಿ ಮಡಿಚಿ ಹಿಡದು ಇನ್ನೊಂದ ಕೈಲೆ ಸಕ್ಷನ್ ಕ್ಯಾಥೆಟರ್ ಎಳದ್ರು, ನಾ ಮಾತ್ರ ಸಂತ್ಯಾಗ ಕೂಸು ಕಳಕೊಂಡವರಂಗ ಆ ಸಕ್ಷನ್ ಪೈಪನ್ನ ನೋಡಿಕೋತ ನಿಂತೆ, ಫೀಡಿನ ವೆನಿಲಾ ಹಳದಿ ಬರ್ತೈತೋ ಏನೋ, ಬಂದ್ರ ಈ ಮನಷ್ಯಾನ ಪುಪ್ಪುಸಕ್ಕ ನಾನ ಕೊಟ್ಟಂಗಾತು, ಹೊರಗ ಕುಂತ ಆ ಹೆಣ್ಣಮಗಳಿಗೆ ಏನ್ ಹೇಳೂದು. 87. ಒಂದು ಬಿಳಿ ಗಂಟು ಬಂತು, ದಪ್ಪಂದು, ಅಂಟಂಟು. ಅಲಾರ್ಮ್ ನಿಂತಿತು. "ನಿಮ್ಮ ಫೀಡ್ ಅಲ್ರಿ ಮೇಡಂ, ಕಫದ ಪ್ಲಗ್" ಅಂದು ಸಿಸ್ಟರ್ ಗ್ಲೌಸ್ ಬಿಚ್ಚಿದ್ರು. ಬಣ್ಣ ಒಂದನ್ನ ನಂಬಾಕ ಬರಂಗಿಲ್ಲಂತ ಸರ್ ಎಕ್ಸ್‌ರೇ ತಗಸಿದ್ರು, ಹೊಸ ಪ್ಯಾಚ್ ಇರ್ಲಿಲ್ಲ. ಉಳದ ಅರ್ಧ ಫೀಡೂ ಒಳಗ ಹೋತು.

ಕಾಕಾ ಮುಂದ ವೆಂಟಿಲೇಟರ್ ಬಿಟ್ರು. ಫೀಡಿನಿಂದನ ಬಿಟ್ರು ಅಂತ ನಾ ಹೇಳಂಗಿಲ್ಲ, ಜಿಬಿಎಸ್ ಇಳ್ಯಾಕ ತನ್ನ ಟೈಮ್ ತಗೊಂತೈತಿ.

ಈಗ ರೌಂಡ್ಸ್‌ನ್ಯಾಗ ನಾ ಆರ್ಡರ್ ಓದೂದಿಲ್ಲ, ನಿನ್ನೆ ಎಷ್ಟು ಎಂಎಲ್ ಒಳಗ ಹೋತು ಅನ್ನೂದನ್ನ ಕೇಳ್ತೇನಿ, ಆಮ್ಯಾಲ ಲಾಕರ್ ತಗದು ಡಬ್ಬಿ ಎಣಸ್ತೇನಿ. ಸಾಫ್ಟ್‌ವೇರ್ ಅಂತೂ ಫೀಡ್ ಕೊಟ್ರೂ ಬಿಟ್ರೂ ಆರ್ಡರ್ ಮುಂದ ಹಸಿರು ಟಿಕ್ಕ ತೋರಸ್ತೈತಿ. ಹೊಸ ಪ್ರೋಟೋಕಾಲ್‌ನ್ಯಾಗ ತಾಸಿನ ಲೆಕ್ಕ ತಗದು 24 ತಾಸಿನ ವಾಲ್ಯೂಮ್ ಬರದೇನಿ, ಸಿಟಿಗೆ ಹೋಗಿ ಬಂದ್ರ ಹೋದದ್ದನ್ನ ಉಳದ ತಾಸಿನ್ಯಾಗ ರೇಟ್ ಏರಿಸಿ ತುಂಬಬೇಕು ಅಂತ. ಅದಕ್ಕ ಪಂಪ್ ಬೇಕು, ಗ್ರಾವಿಟಿ ಮ್ಯಾಲ (ಮ್ಯಾಲಿಂದ ತಾನಾಗೇ ಇಳೀಲಿ ಅಂತ) ಬಿಟ್ರ ನಡಿಯಂಗಿಲ್ಲ. ವೆಂಟಿಲೇಟರ್ ಐದ ಅದಾವ, ಫೀಡಿಂಗ್ ಪಂಪ್ ಒಂದ. ಇಂಡೆಂಟ್ ಹಾಕೇನಿ. ಪರ್ಚೇಸ್‌ನವ್ರು ಫೋನ್ ಮಾಡಿದ್ರು, "ಗ್ರಾವಿಟಿ ಪುಕ್ಕಟ ಐತಲ್ರೀ ಮೇಡಂ."