ಒಂದೇ ಫೈಲ್ ಸಾಕು ಅಂದರು

ನವೆಂಬರ್ 22, 2025, ಶನಿವಾರ
ಚಿಕ್ಕಮಗಳೂರು

ಇವತ್ತು ಆಲ್ದೂರು ಕಡೆಯ ಕಾಫಿ ತೋಟಕ್ಕೆ ಹೋಗಿದ್ದೆ. ಬಟವಾಡೆ ದಿನ, ಆಫೀಸಿನ ಮುಂದೆ ಜನ ಕೂತಿದ್ದರು. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ, ಕೂಲಿಯ ಲೆಕ್ಕ. ಅದಕ್ಕೆ ನಾನು ಬರೆದ ಪ್ರೋಗ್ರಾಂನ ಹೊಸ ಫೈಲ್ ಕೊಟ್ಟು ಬೇಗ ಬರೋಣ ಅಂತಿದ್ದೆ. ಆಗಲಿಲ್ಲ.

ತೋಟದ ಲೆಕ್ಕ ಬರೆಯುವ ರೈಟರ್ ಅಣ್ಣ ನನ್ನನ್ನು ಕಂಡ ಕೂಡಲೇ ಮಾನಿಟರ್ ತೋರಿಸಿದರು. "ಸಿ ಡ್ರೈವ್ ಕೆಂಪಾಗಿದೆ ನೋಡು ತಮ್ಮಾ. ನಾನಂತೂ ಏನೂ ತುಂಬಿಲ್ಲ ಮಾರಾಯ, ಒಂದು ಹಾಡೂ ಹಾಕಿಲ್ಲ."

ಪ್ರೋಗ್ರಾಂಗಳು ತಾತ್ಕಾಲಿಕ ಫೈಲ್ ಇಡುವ ಟೆಂಪ್ ಫೋಲ್ಡರ್ ತೆಗೆದು ನೋಡಿದೆ. ಒಂದೇ ಥರದ ಹೆಸರಿನ ಫೋಲ್ಡರ್‌ಗಳು ಸಾಲಾಗಿ ಕೂತಿದ್ದವು. ಎಲ್ಲದರ ಹೆಸರಿನಲ್ಲೂ ಮೊದಲು ಎಂಇಐ, ಮುಂದೆ ಅಂಕಿಗಳು. ಒಂದನ್ನು ತೆರೆದರೆ ಒಳಗೆ ನಾನು ಕೋಡ್ ಬರೆಯುವ ಪೈಥಾನ್ ಭಾಷೆಯ ಡಿಎಲ್‌ಎಲ್ (ಪ್ರೋಗ್ರಾಂ ಓಡಲು ಬೇಕಾದ ಕೋಡ್ ಫೈಲ್), ಲೆಕ್ಕ ಕೂಡಿಡುವ ಎಸ್‌ಕ್ಯೂಲೈಟ್‌ನ ಡಿಎಲ್‌ಎಲ್, ಕಿಟಕಿ ತೋರಿಸುವ ಟಿಕೆ ಲೈಬ್ರರಿ, ಆಳುಗಳ ಹೆಸರು ಚೆನ್ನಾಗಿ ಕಾಣಲಿ ಅಂತ ನಾನು ಸೇರಿಸಿದ್ದ ನೋಟೋ ಕನ್ನಡ ಫಾಂಟ್. ಪಕ್ಕದ್ದರಲ್ಲೂ ಅದೇ. ಅದರ ಪಕ್ಕದ್ದರಲ್ಲೂ ಅದೇ.

"ಇದೆಲ್ಲ ನಿನ್ನದೇನಾ?"

"ಹೌದಣ್ಣ, ನಮ್ಮ ಪ್ರೋಗ್ರಾಂದೇ."

"ಇನ್‌ಸ್ಟಾಲ್ ಏನೂ ಬೇಡ, ಒಂದೇ ಫೈಲು ಅಂದಿದ್ದೆಯಲ್ಲ. ಇಷ್ಟೊಂದು ಎಲ್ಲಿಂದ ಬಂತು?"

ಕುರ್ಚಿ ಎಳೆದುಕೊಂಡು ಕೂತು ಹೇಳಿದೆ. ಆ ಒಂದು ಫೈಲ್‌ನ ಮುಂಭಾಗದಲ್ಲಿ ಬೂಟ್‌ಲೋಡರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ. ಹಿಂದೆ ಉಳಿದದ್ದೆಲ್ಲ ಒತ್ತಿ ಸೇರಿಸಿದ್ದು: ಪೈಥಾನ್, ಅದರ ಲೈಬ್ರರಿಗಳು, ನನ್ನ ಕೋಡ್. ನೀವು ಡಬಲ್ ಕ್ಲಿಕ್ ಮಾಡಿದಾಗ ಬೂಟ್‌ಲೋಡರ್ ಟೆಂಪ್‌ನಲ್ಲಿ ಹೊಸ ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿ ಬಿಚ್ಚುತ್ತದೆ. ಆಮೇಲೆ ಪ್ರೋಗ್ರಾಂ ಶುರು. ಮುಚ್ಚಿದಾಗ ಆ ಫೋಲ್ಡರನ್ನು ಅದೇ ಅಳಿಸುತ್ತದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂದ್ರೆ ದಿನಾ ಗಂಟು ಬಿಚ್ಚೋದು, ಸಂಜೆ ಎತ್ತಿಡೋದು. ಎತ್ತಿಡೋಕೆ ಮುಂಚೆ ಕರೆಂಟ್ ಹೋದ್ರೆ?"

ನಾನು ಹೇಳಬೇಕು ಅಂತಿದ್ದದ್ದನ್ನು ಅವರೇ ಹೇಳಿಬಿಟ್ಟರು. ಹೀಗೆ ಒಂದೇ ಫೈಲ್ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನ ಕೈಪಿಡಿಯಲ್ಲೂ ಇದೇ ಮಾತಿದೆ: ಪ್ರೋಗ್ರಾಂ ನಡುವೆ ಸತ್ತರೆ ಬಿಚ್ಚಿದ ಫೋಲ್ಡರ್ ಅಲ್ಲೇ ಉಳಿಯುತ್ತದೆ. ಈ ವರ್ಷದ ಮಳೆಗಾಲ ಹೇಗಿತ್ತು ಅಂತ ಗೊತ್ತಲ್ಲ. ಮರ ಬಿತ್ತು, ಕಂಬ ಬಿತ್ತು, ಲೈನ್ ಹೋಯ್ತು. ಯುಪಿಎಸ್ ಬ್ಯಾಟರಿ ಎಂದೋ ಮುಗಿದಿದೆ. ಕರೆಂಟ್ ಹೋದಾಗೆಲ್ಲ ಒಂದೊಂದು ಫೋಲ್ಡರ್ ಉಳಿದುಕೊಂಡಿದೆ.

"ಲೆಕ್ಕ ಹೋಗಿಲ್ಲ ತಾನೇ?" ಅಂದರು. ದನಿಯಲ್ಲಿ ಭಯ ಇತ್ತು. ಹೊರಗೆ ಕೂತವರ ವಾರದ ಹಾಜರಿ, ಕೊಯ್ದ ಹಣ್ಣಿನ ಕೆಜಿ, ಮುಂಗಡ, ಎಲ್ಲ ಅದರಲ್ಲೇ ಇದೆ. ಲೆಕ್ಕದ ಫೈಲ್ ಬೇರೆ ಇದೆ, ಡಿ ಡ್ರೈವ್‌ನಲ್ಲಿ ಪ್ರೋಗ್ರಾಂ ಪಕ್ಕದಲ್ಲೇ ಅಂತ ತೆರೆದು ತೋರಿಸಿದೆ. ಎಸ್‌ಕ್ಯೂಲೈಟ್ ಅರ್ಧ ಬರೆದದ್ದನ್ನು ಹಾಗೇ ಬಿಡೋದಿಲ್ಲ. ಬರೆಯುವಾಗ ಕರೆಂಟ್ ಹೋದರೆ, ಮುಂದಿನ ಸಲ ತೆರೆದಾಗ ಜರ್ನಲ್ ಅನ್ನೋ ಫೈಲ್‌ನಲ್ಲಿ ಇಟ್ಟ ಹಳೆಯ ಪ್ರತಿ ನೋಡಿ ಹಿಂದಿನ ಸ್ಥಿತಿಗೆ ತರುತ್ತದೆ. ಅವರು ಚೆಕ್‌ರೋಲ್ ಪುಸ್ತಕ ತೆಗೆದು ಕಳೆದ ವಾರದ ಪುಟ ತಾಳೆ ನೋಡಿದರು. ಸರಿ ಇತ್ತು. ಆಮೇಲೇ ಕಾಫಿ ತರಿಸಿದ್ದು.

ಇನ್ನೊಂದು ದಾರಿ ಇದೆ ಅಂದೆ. ಎಲ್ಲ ಬಿಚ್ಚಿಯೇ ಇಟ್ಟ ಒಂದು ಫೋಲ್ಡರ್ ಕೊಡ್ತೀನಿ. ಆಗ ಟೆಂಪ್ ತುಂಬೋದಿಲ್ಲ, ಬೇಗನೂ ತೆರೆಯುತ್ತೆ. ಕೈ ಅಡ್ಡ ಇಟ್ಟುಬಿಟ್ಟರು.

"ಬೇಡ ಮಾರಾಯ. ಸಾಹುಕಾರ್ರ ಮಗ ಹೋದ ವರ್ಷ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರಲ್ಲ, ಬೇರೆ ಸಾಫ್ಟ್‌ವೇರು. ಚಿತ್ರ ಇರೋ ಫೈಲ್ ಮಾತ್ರ ತಗೊಂಡ್ರು. ಅಲ್ಲಿ ಹೋಗಿ ತೆಗೆದ್ರೆ ಯಾವುದೋ ಡಿಎಲ್‌ಎಲ್ ಇಲ್ಲ ಅಂತ ಬಂತು. ಫೋನ್ ಮೇಲೆ ಫೋನು. ನಂಗೆ ಒಂದೇ ಫೈಲ್ ಸಾಕು."

ಅವರ ಮಾತು ಸರಿ. ಒಂದೇ ಫೈಲ್ ಅಂದರೆ ಅವರು ಮರೆಯೋದಕ್ಕೆ ಏನೂ ಉಳಿಯೋದಿಲ್ಲ.

ದಾರಿಯಲ್ಲಿ ಮೋಡ ಕಟ್ಟಿತ್ತು. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗಲು ಹರಡಿದ್ದಾರೆ, ಟಾರ್ಪಾಲ್ ಹಿಡಿದು ಇಬ್ಬರು ಆಕಾಶ ನೋಡುತ್ತಾ ನಿಂತಿದ್ದರು. ಈ ತಿಂಗಳಲ್ಲಿ ಮಳೆ ಬಂದರೆ ತುಂಬಾ ಕಷ್ಟ. ಬರಬಾರದು.

ಸಂಜೆ ಬೆಂಗಳೂರಿನ ಗೆಳೆಯ ಫೋನ್ ಮಾಡಿದ್ದ. "ಈಗ್ಲೂ ಎಕ್ಸೆ ಫೈಲ್ ಮಾಡ್ತಾ ಕೂತಿದ್ಯೇನೋ? ವೆಬ್‌ಗೆ ಹಾಕು, ಮುಗೀತು." ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಹೋಗುವ ಊರು ಅದು ಅಂತ ಹೇಳಿದೆ. ಬಟವಾಡೆ ದಿನ ನೆಟ್ ಇಲ್ಲ ಅಂತ ಕೂಲಿ ನಿಲ್ಲಿಸೋಕಾಗುತ್ತಾ? ಅವನು ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ.

ಆದರೆ ಅವನು ಇನ್ನೊಂದು ಮಾತು ಹೇಳಿದ, ಅದು ಕೊರೀತಾ ಇದೆ. ತೋಟದ ಕಂಪ್ಯೂಟರ್ 32 ಬಿಟ್ ವಿಂಡೋಸ್ 7. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8, 3.9ರಿಂದ ಆಗೋದಿಲ್ಲ. ಪೈಇನ್‌ಸ್ಟಾಲರ್ ಒಂದು ಸಿಸ್ಟಂನಲ್ಲಿ ಕೂತು ಇನ್ನೊಂದಕ್ಕೆ ಕಟ್ಟಿಕೊಡೋದೂ ಇಲ್ಲ. ಅದಕ್ಕೇ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದರಲ್ಲಿ 32 ಬಿಟ್‌ನ 3.8 ಇಟ್ಟುಕೊಂಡಿದ್ದೀನಿ. ಆ 3.8ಕ್ಕೆ 2024ರ ಅಕ್ಟೋಬರ್‌ನಿಂದ ಭದ್ರತೆಯ ತಿದ್ದುಪಡಿಗಳೂ ನಿಂತಿವೆ. ಇನ್ಮುಂದೆ ಅದರಲ್ಲಿ ತೂತು ಸಿಕ್ಕರೆ ಅದು ನನ್ನ ಫೈಲ್‌ನೊಳಗೇ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗೋದಿಲ್ಲ.

2021ರ ಡಿಸೆಂಬರ್ ನೆನಪಾಯ್ತು. ಜಾವಾ ಪ್ರೋಗ್ರಾಂಗಳು ಬಳಸುವ ಲಾಗ್4ಜೆ ಲೈಬ್ರರಿಯಲ್ಲಿ ತೂತು ಅಂತ ಸುದ್ದಿ ಬಂದ ವಾರ. ಜಾವಾದಲ್ಲೂ ಹೀಗೇ, ಎಲ್ಲ ಲೈಬ್ರರಿ ಸೇರಿಸಿ ಜಾರ್ ಅನ್ನೋ ಒಂದೇ ದಪ್ಪ ಫೈಲ್ ಮಾಡ್ತಾರೆ. ಆಗ ಇದ್ದ ಕೆಲಸದಲ್ಲಿ ನಮ್ಮ ಟೀಮಿನ ಹುಡುಗಿ ಒಬ್ಬಳು ರಾತ್ರಿಯಿಡೀ ಜಾರ್ ಒಳಗಿನ ಜಾರ್ ಬಿಚ್ಚಿ ಹುಡುಕುತ್ತಿದ್ದಳು. ಹೊರಗಿನ ಹೆಸರಿನಲ್ಲಿ ಲಾಗ್4ಜೆ ಅಂತ ಎಲ್ಲೂ ಇರಲಿಲ್ಲ. ಒಳಗೆ ಇತ್ತು. ಬೇರೆ ಬೇರೆ ಇಟ್ಟಿದ್ದರೆ ಒಂದು ಫೈಲ್ ಬದಲಾಯಿಸಿದರೆ ಸಾಕಿತ್ತು. ಸೇರಿಸಿ ಕೊಟ್ಟ ಮೇಲೆ ಪ್ರತಿಯೊಂದನ್ನೂ ಕಟ್ಟಿದವರೇ ಮತ್ತೆ ಕಟ್ಟಬೇಕು.

ತೋಟದ ಕಂಪ್ಯೂಟರ್‌ಗೆ ನೆಟ್ ಇಲ್ಲ, ಅಷ್ಟು ಸಮಾಧಾನ. ಪೆನ್‌ಡ್ರೈವ್ ಮಾತ್ರ ಆಡಿಟರ್ ಆಫೀಸಿಗೂ ಹೋಗುತ್ತೆ. ಅಲ್ಲಿನ ಆಂಟಿವೈರಸ್ ಒಮ್ಮೆ ನಮ್ಮ ಫೈಲನ್ನೇ ಹಿಡಿದು ಪಕ್ಕಕ್ಕಿಟ್ಟಿತ್ತು. ವೈರಸ್ ಬರೆಯುವವರೂ ಇದೇ ಬೂಟ್‌ಲೋಡರ್ ಬಳಸ್ತಾರೆ, ಹೀಗಾಗಿ ಅದಕ್ಕೆ ಅನುಮಾನ. ಒಳಗೇನಿದೆ ಅಂತ ಒಂದು ಪಟ್ಟಿ ಬರೆದು ರೈಟರ್ ಅಣ್ಣನ ಮೇಜಿನ ಮೇಲೆ ಇಡಬೇಕು, ಯಾವ ಲೈಬ್ರರಿ, ಯಾವ ಆವೃತ್ತಿ ಅಂತ. ನಾಳೆ ನಾನಿಲ್ಲದಿದ್ದರೂ ಯಾರಾದರೂ ಓದಿಕೊಳ್ಳಲಿ.

ಅಮ್ಮ ಊಟಕ್ಕೆ ಕರೆದು ಆಗಲೇ ತುಂಬಾ ಹೊತ್ತಾಯ್ತು. ಅಕ್ಕಿ ರೊಟ್ಟಿ ಆರಿರುತ್ತೆ.

ಒಂದು ಯೋಚನೆ ಬಂದಿದೆ. ಬಿಚ್ಚುವ ಜಾಗ ಟೆಂಪ್ ಬದಲು ನಮ್ಮದೇ ಒಂದು ಫೋಲ್ಡರ್ ಆಗಲಿ ಅಂತ ಕಟ್ಟುವಾಗಲೇ ಹೇಳಬಹುದು, ಪೈಇನ್‌ಸ್ಟಾಲರ್‌ನಲ್ಲಿ ಅದಕ್ಕೆ ಆಯ್ಕೆ ಇದೆ. ಆಗ ಪ್ರೋಗ್ರಾಂ ಶುರುವಾದಾಗ ಅಲ್ಲಿ ಉಳಿದಿರುವ ಹಳೆಯದನ್ನು ಅಳಿಸಿಬಿಡಬಹುದು, ಬೇರೆಯವರ ಫೈಲ್ ಮುಟ್ಟಿದ ಹಾಗಾಗೋದಿಲ್ಲ. ಆದರೆ ಹಳೇ ಡಿಸ್ಕ್, ತೆರೆಯೋದು ನಿಧಾನ. ರೈಟರ್ ಅಣ್ಣ ಕಾಯದೆ ಎರಡನೇ ಸಲ ಕ್ಲಿಕ್ ಮಾಡ್ತಾರೆ, ಎರಡು ಕಿಟಕಿ ತೆರೆಯುತ್ತೆ. ಆಗ ಎರಡನೆಯದು ಮೊದಲನೆಯದರ ಫೋಲ್ಡರನ್ನೇ ಹಳೆಯದು ಅಂದುಕೊಂಡು ಅಳಿಸೋಕೆ ಹೋದರೆ? ಬಳಕೆಯಲ್ಲಿದೆ ಅನ್ನೋ ಗುರುತಿಗೆ ಒಂದು ಲಾಕ್ ಫೈಲ್ ಇಡಬೇಕು. ಆದರೆ ಕರೆಂಟ್ ಹೋದಾಗ ಆ ಲಾಕ್ ಫೈಲ್ ಕೂಡ ಹಾಗೇ ಉಳಿದುಬಿಟ್ಟರೆ, ಆಗ