ಜೇಬಿಲ್ಲದ ಅಂಗಿ

ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡ ಮೂರನೆಯ ದಿನ, ಆ ರೋಗಿಯ ಕೈ ಮತ್ತೆ ಮತ್ತೆ ಎದೆಯ ಎಡಭಾಗಕ್ಕೆ ಹೋಗುತ್ತಿದ್ದುದನ್ನು ಕಂಡು ನಾನು ಗಾಬರಿಯಿಂದ ಮಂಚದ ಬಳಿಗೆ ಓಡಿದೆ. ನೋವು ಬರುತ್ತಿದೆಯೇ ಎಂದು ಕೇಳಿದ್ದಕ್ಕೆ ಅವರು ತಲೆ ತಗ್ಗಿಸಿ, “ಇಲ್ಲ ಸಿಸ್ಟರ್, ಜೇಬು ಹುಡುಕುತ್ತಿದ್ದೆ” ಎಂದರು. ಆಸ್ಪತ್ರೆಯ ಅಂಗಿಗೆ ಜೇಬಿರಲಿಲ್ಲ. ಮೂವತ್ತು ವರ್ಷ ಸಿಗರೇಟಿನ ಪ್ಯಾಕು ಇರುತ್ತಿದ್ದ ಜಾಗಕ್ಕೆ ಕೈ ತಾನಾಗಿಯೇ ಹೋಗುತ್ತಿತ್ತು.

ಹಿಂದಿನ ದಿನವಷ್ಟೇ ನಾನು ಅವರಿಗೆ ತಿಳಿವಳಿಕೆ ಹೇಳಿ ಮುಗಿಸಿದ್ದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ನಿಂದ ರಕ್ತ ಹೊರುವ ಆಮ್ಲಜನಕ ಕಡಿಮೆಯಾಗುತ್ತದೆ, ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಸೇದುವವರ ರಕ್ತ ಬೇಗ ಹೆಪ್ಪುಗಟ್ಟುವುದರಿಂದ ಹಾಕಿದ ಸ್ಟೆಂಟ್ ಕೂಡ ಮುಚ್ಚಿಹೋಗಬಹುದು ಎಂದೆಲ್ಲ ಚಿತ್ರ ತೋರಿಸಿ ವಿವರಿಸಿದ್ದೆ. ಅವರು ಎಲ್ಲದಕ್ಕೂ ತಲೆಯಾಡಿಸಿದ್ದರು. ಆದರೆ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಅಂದು ಚಿತ್ರಗಳನ್ನು ಬದಿಗಿಟ್ಟು ಕುಳಿತು, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂದು ಕೇಳಿದೆ. “ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ” ಎಂದರು. ಎದ್ದ 5 ನಿಮಿಷದೊಳಗೆ ಹಚ್ಚುವವರಲ್ಲಿ ನಿಕೋಟಿನ್‌ ಅವಲಂಬನೆ ಬಹಳ ಬಲವಾಗಿರುತ್ತದೆ. ಅಂಥವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದಷ್ಟೇ ಹೇಳಿ ಕಳುಹಿಸುವುದು ಅನ್ಯಾಯ. ವೈದ್ಯರನ್ನು ಕೇಳಿ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಕೊಡಿಸೋಣ ಎಂದಾಗ, “ಹೃದಯಕ್ಕೆ ನಿಕೋಟಿನ್ ಕೆಟ್ಟದ್ದೆಂದು ನಿನ್ನೆ ನೀವೇ ಹೇಳಿದಿರಲ್ಲ?” ಎಂದು ಕೇಳಿದರು. ನನ್ನ ಅರೆಬರೆ ಪಾಠದ ಕೊರತೆ ಆಗ ನನಗೆ ಅರಿವಾಯಿತು. ಪ್ಯಾಚ್‌ನಲ್ಲಿ ಹೊಗೆಯೂ ಇಲ್ಲ, ಕಾರ್ಬನ್ ಮಾನಾಕ್ಸೈಡೂ ಇಲ್ಲ, ನಿಕೋಟಿನ್ ಕೂಡ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ವೈದ್ಯರ ನಿಗಾದಲ್ಲಿ ಬಳಸಿದರೆ ಸೇದುವುದಕ್ಕಿಂತ ಎಷ್ಟೋ ಸುರಕ್ಷಿತ ಎಂದು ಬಿಡಿಸಿ ಹೇಳಿದೆ. ದಿನಕ್ಕೆ ಒಂದೇ ಸೇದಿದರೆ ಸಾಲದೇ ಎಂಬ ಆಸೆಯೂ ಅವರಿಗಿತ್ತು. ದಿನಕ್ಕೆ 20 ಸೇದುವವರಿಗೆ ಎದುರಾಗುವ ಹೆಚ್ಚುವರಿ ಹೃದಯದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಒಂದೇ ಸಿಗರೇಟಿಗೂ ಇರುತ್ತದೆ ಎಂದಾಗ ಬಹಳ ಹೊತ್ತು ಸುಮ್ಮನಿದ್ದರು.

ಪಕ್ಕದಲ್ಲಿದ್ದ ಅವರ ಪತ್ನಿ, “ವರ್ಷಗಟ್ಟಲೆ ಬೈದು ಬೈದು ಸಾಕಾಯಿತು” ಎಂದು ಕಣ್ಣೊರೆಸಿಕೊಂಡರು. ಬೈಗುಳದಿಂದ ಸಿಗರೇಟು ಬಿಟ್ಟವರನ್ನು ನಾನು ಕಂಡಿಲ್ಲ, ಮುಚ್ಚಿಟ್ಟು ಸೇದುವವರನ್ನು ಕಂಡಿದ್ದೇನೆ. ಹಾಗಾಗಿ ಇಬ್ಬರನ್ನೂ ಕೂರಿಸಿಕೊಂಡು, ಚಪಲ ಹುಟ್ಟುವ ಹೊತ್ತುಗಳನ್ನು ರೋಗಿಯ ಕೈಯಲ್ಲೇ ಬರೆಸಿದೆ: ಎದ್ದ ಕೂಡಲೇ, ಊಟವಾದ ಮೇಲೆ, ಕೆಲಸದಲ್ಲಿ ಯಾರಾದರೂ ರೇಗಿದಾಗ. ಆ ಚಪಲ ಹೆಚ್ಚಾಗಿ ಕೆಲವೇ ನಿಮಿಷಗಳದ್ದು. ಆ ನಿಮಿಷಗಳಲ್ಲಿ ಏನು ಮಾಡುವಿರಿ ಎಂಬುದಕ್ಕೆ ಉತ್ತರವನ್ನು ಅವರೇ ಹುಡುಕಿಕೊಂಡರು. ನೀರು ಕುಡಿಯುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಹೆಂಡತಿಯನ್ನು ಕರೆಯುವುದು.

ಆಸ್ಪತ್ರೆಯಲ್ಲಿ ಆರಂಭಿಸಿದ ಸಮಾಲೋಚನೆಯನ್ನು ಮನೆಗೆ ಹೋದ ಮೇಲೂ ಕನಿಷ್ಠ ಒಂದು ತಿಂಗಳು ಮುಂದುವರಿಸಿದರೇ ಫಲ. ಮಂಚದ ಮೇಲಿದ್ದಾಗ ಹುಟ್ಟಿದ ಭಯ ಮನೆಯ ಹೊಸಿಲು ದಾಟಿದ ಕೆಲವೇ ದಿನಗಳಲ್ಲಿ ಕರಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದ್ದರಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಎರಡನೆಯ ವಾರ ಅವರ ದನಿ ಕುಗ್ಗಿತ್ತು. ಒಂದು ಸೇದಿಬಿಟ್ಟೆ, ಇನ್ನು ನನ್ನಿಂದಾಗದು ಎಂದರು. ಯಾವ ಹೊತ್ತಿನಲ್ಲಿ ಎಂದು ಮಾತ್ರ ಕೇಳಿದೆ. ನಮ್ಮ ಪಟ್ಟಿಯಲ್ಲಿರದ ಹೊತ್ತು ಅದು: ರಾತ್ರಿ ನಿದ್ದೆ ಬಾರದೆ ಒಬ್ಬರೇ ಹೊರಗೆ ನಿಂತಿದ್ದಾಗ. ಅದನ್ನೂ ಬರೆದುಕೊಳ್ಳಿ ಎಂದೆ. ಕಾಗದ ಸರಿದ ಸದ್ದು ಕೇಳಿಸಿತು. “ಬರೆದೆ ಸಿಸ್ಟರ್, ಮುಂದಿನ ವಾರವೂ ಫೋನ್ ಮಾಡುತ್ತೀರಲ್ಲ?” ಎಂದರು.